ಮಾನ್ಯ: ಆದಾಯ ತೆರಿಗೆಯ ನ್ಯಾಯವೂ ಸಿರಿವಂತರ ಪ್ರಭಾವವೂ



ಕನ್ನಡದಲ್ಲಿ ‘ಮಾನ್ಯ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಗೌರವಕ್ಕೆ ಪಾತ್ರನಾದವನು ಎಂಬುದು ಒಂದು. ಕಂದಾಯವಿಲ್ಲದೆ ಅನುಭವಿಸುವ ಭೂಮಿ ಎಂಬುದು ಮತ್ತೊಂದು. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ‘ಸರ್ವಮಾನ್ಯ’, ‘ಸರ್ವನಮಸ್ಯ’, ‘ಸರ್ವಬಾಧಾಪರಿಹಾರ’ ಎಂಬ ಮಾತುಗಳು ಮತ್ತೆ ಮತ್ತೆ ಕಾಣಸಿಗುತ್ತವೆ. ಒಕ್ಕಲುಮಕ್ಕಳು ಸಿದ್ಧಾಯವನ್ನೂ ಪರದರು ಸುಂಕವನ್ನೂ ತೆರುತ್ತಿದ್ದ ಕಾಲದಲ್ಲಿ, ಅರಸನ ಮನ್ನಣೆ ಪಡೆದವರ ನೆಲವು ಆ ಭಾರದಿಂದ ಮುಕ್ತವಾಗಿರುತ್ತಿತ್ತು. ಮನ್ನಣೆ ಮತ್ತು ವಿನಾಯಿತಿ ಎಂಬ ಎರಡು ಸಂಗತಿಗಳಿಗೆ ಭಾಷೆಯು ಒಂದೇ ಪದವನ್ನು ಕೊಟ್ಟಿರುವುದು ಆಕಸ್ಮಿಕವೇನಲ್ಲ. ರಾಜ್ಯವು ಯಾರಿಂದ ಎಷ್ಟು ಬೇಡಿತು ಎಂಬುದನ್ನು ತೆರಿಗೆಯ ದರವು ಹೇಳುತ್ತದೆ. ರಾಜ್ಯಕ್ಕೆ ಯಾರು ಹತ್ತಿರದವರು ಎಂಬುದನ್ನು ವಿನಾಯಿತಿಯು ಹೇಳುತ್ತದೆ. ಭಾರತದ ಆದಾಯ ತೆರಿಗೆಯ ಇತಿಹಾಸವನ್ನು ಈ ದೃಷ್ಟಿಯಿಂದ ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಮಾನ್ಯಭೂಮಿಯನ್ನು ಪಡೆದವರಲ್ಲಿ ಅಗ್ರಹಾರಗಳು, ದೇವಾಲಯಗಳು ಮಾತ್ರವಲ್ಲದೆ ಮಠಗಳೂ ಇದ್ದವು. ಮೈಸೂರು ರಾಜ್ಯವು 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ ಕಾಯ್ದೆಯನ್ನು ತರುವವರೆಗೂ ಆ ವ್ಯವಸ್ಥೆ ನಡೆದುಬಂದಿತು. ಧರ್ಮಾರ್ಥ ಸಂಸ್ಥೆಗಳ ಆದಾಯಕ್ಕೆ ಷರತ್ತುಬದ್ಧ ವಿನಾಯಿತಿ ಇಂದಿಗೂ ಇದೆ. ಆದುದರಿಂದ ವಿನಾಯಿತಿಯ ನ್ಯಾಯವನ್ನು ವಿಚಾರಿಸುವಾಗ ನಾವು ಹೊರಗೆ ನಿಂತು ನೋಡುವ ಪ್ರೇಕ್ಷಕರಲ್ಲ.

ಉಪ್ಪು ಉಳಿಯಿತು, ಆದಾಯ ತೆರಿಗೆ ಹೋಯಿತು

1857ರ ಸಂಗ್ರಾಮವನ್ನು ಅಡಗಿಸಲು ಬ್ರಿಟಿಷ್ ಸರ್ಕಾರವು ಮಾಡಿದ ವೆಚ್ಚದಿಂದ ಬೊಕ್ಕಸ ಬರಿದಾಗಿತ್ತು. ಅದನ್ನು ತುಂಬುವ ಹೊಣೆ ಹೊತ್ತು ಬಂದವರು ಜೇಮ್ಸ್ ವಿಲ್ಸನ್. ‘ದಿ ಎಕನಾಮಿಸ್ಟ್’ ಪತ್ರಿಕೆಯ ಸ್ಥಾಪಕರಾದ ಅವರು ವೈಸರಾಯ್ ಮಂಡಲಿಯ ಹಣಕಾಸು ಸದಸ್ಯರಾಗಿ 1860ರ ಫೆಬ್ರವರಿ 18ರಂದು ಕಲ್ಕತ್ತೆಯಲ್ಲಿ ಆಯವ್ಯಯವನ್ನು ಮಂಡಿಸಿದರು. ಆ ವರ್ಷದ ಜುಲೈ 24ರಂದು ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿತು. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವುಳ್ಳವರಿಗೆ ತೆರಿಗೆಯಿರಲಿಲ್ಲ. 500 ರೂಪಾಯಿಯವರೆಗೆ ಶೇ. 2, ಅದಕ್ಕೂ ಮೇಲೆ ಶೇ. 4. ಭೂಮಿಯಿಂದ ಬರುವ ಆದಾಯಕ್ಕೂ ಈ ತೆರಿಗೆ ಅನ್ವಯಿಸುತ್ತಿತ್ತು ಎಂಬುದು ಇಲ್ಲಿ ಗಮನಾರ್ಹ. ಕಾಯ್ದೆ ಜಾರಿಯಾದ ಮೂರೇ ವಾರಗಳಲ್ಲಿ, ಆಗಸ್ಟ್ 11ರಂದು, ವಿಲ್ಸನ್ ಕಲ್ಕತ್ತೆಯಲ್ಲಿಯೇ ತೀರಿಕೊಂಡರು.

ಮದ್ರಾಸಿನ ಗವರ್ನರ್ ಆಗಿದ್ದ ಸರ್ ಚಾರ್ಲ್ಸ್ ಟ್ರೆವಿಲಿಯನ್ ಈ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದರು. ಹೊಸ ತೆರಿಗೆ ಹಾಕುವ ಬದಲು ಸೈನ್ಯದ ವೆಚ್ಚವನ್ನು ಇಳಿಸಬೇಕೆಂಬುದು ಅವರ ವಾದ. ತಮ್ಮ ಟಿಪ್ಪಣಿಯನ್ನು ಅವರು ಪತ್ರಿಕೆಗಳಿಗೆ ಕೊಟ್ಟುದರಿಂದ ಲಂಡನ್ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಆದರೆ ಅವರೇ ಕೆಲವು ವರ್ಷಗಳಲ್ಲಿ ಹಣಕಾಸು ಸದಸ್ಯರಾಗಿ ಮರಳಿ ಬಂದರು. ಅವರ ಕಾಲದಲ್ಲಿ, 1865ರಲ್ಲಿ, ಆದಾಯ ತೆರಿಗೆಯು ಮುಂದುವರಿಯದೆ ಕೊನೆಗೊಂಡಿತು. 1869ರಲ್ಲಿ ಅದು ಮತ್ತೆ ಬಂದು 1873ರಲ್ಲಿ ಮತ್ತೆ ರದ್ದಾಯಿತು.

ಈ ತೆರಿಗೆ ಎರಡು ಬಾರಿ ಹುಟ್ಟಿ ಎರಡು ಬಾರಿ ಸತ್ತುದೇಕೆ? ಇದನ್ನು ತೆರಬೇಕಾಗಿದ್ದವರು ಯುರೋಪಿಯನ್ ವರ್ತಕರು, ಸರ್ಕಾರದ ಅಧಿಕಾರಿಗಳು, ದೊಡ್ಡ ಜಮೀನ್ದಾರರು, ಪೇಟೆಯ ಸಾಹುಕಾರರು. ಅವರಿಗೆ ಪತ್ರಿಕೆಗಳಿದ್ದವು, ಸಂಘಗಳಿದ್ದವು, ಮನವಿ ಬರೆಯಬಲ್ಲ ವಕೀಲರಿದ್ದರು. ಇದೇ ಅವಧಿಯಲ್ಲಿ ಉಪ್ಪಿನ ಮೇಲಿನ ಸುಂಕವು ಒಂದು ದಿನವೂ ನಿಲ್ಲಲಿಲ್ಲ. ಉಪ್ಪನ್ನು ಎಲ್ಲರೂ ತಿನ್ನುತ್ತಾರೆ. ಮೈಬೆವರು ಸುರಿಸುವ ಕೂಲಿಕಾರನು ನೆರಳಲ್ಲಿ ಕುಳಿತ ಸಾಹುಕಾರನಿಗಿಂತ ತುಸು ಹೆಚ್ಚೇ ತಿನ್ನುತ್ತಾನೆ. ಆದರೆ ಆ ಕೂಲಿಕಾರನಿಗೆ ಕಲ್ಕತ್ತೆಯಲ್ಲಿ ಯಾವ ಸಂಘವೂ ಇರಲಿಲ್ಲ.

ಬರಗಾಲದ ನಂತರದ ಲೆಕ್ಕ

1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ನಮ್ಮ ನಾಡು ಮರೆಯುವಂತಿಲ್ಲ. ಬಳ್ಳಾರಿ, ಧಾರವಾಡ, ಕಲಾದಗಿ ಸೀಮೆಗಳು ಬೆಂದುಹೋದವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಮುಂದಿನ ಬರಗಳಿಗೆಂದು ಹಣ ಕೂಡಿಡುವ ಹೆಸರಿನಲ್ಲಿ ಬ್ರಿಟಿಷ್ ಭಾರತದಲ್ಲಿ 1878ರಲ್ಲಿ ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳ ಮೇಲೆ ಪರವಾನಗಿ ತೆರಿಗೆಯನ್ನು ಹೇರಲಾಯಿತು. ಸಣ್ಣ ಅಂಗಡಿಕಾರರೂ ಕೈಕಸುಬಿನವರೂ ತೆರಬೇಕಾಯಿತು. ದೊಡ್ಡ ಸಂಬಳದ ಸರ್ಕಾರಿ ಅಧಿಕಾರಿಗಳೂ ವಕೀಲರಂಥ ವೃತ್ತಿಪರರೂ ಹೊರಗುಳಿದರು. ಸೂರತ್ ನಗರದಲ್ಲಿ ಆ ವರ್ಷ ದಂಗೆಯೇ ನಡೆಯಿತು. ತೆರಿಗೆಯನ್ನು ಬರೆದವರು ಅಧಿಕಾರಿಗಳು. ತೆರಿಗೆಯಿಂದ ತಪ್ಪಿಸಿಕೊಂಡವರೂ ಅಧಿಕಾರಿಗಳೇ. ಈ ಅನ್ಯಾಯವು ಎಷ್ಟು ಢಾಳಾಗಿತ್ತೆಂದರೆ ಸರ್ಕಾರವೇ ಅದನ್ನು ತಿದ್ದಬೇಕಾಯಿತು. 1886ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸಂಬಳದಾರರೂ ವೃತ್ತಿಪರರೂ ಒಳಗೆ ಬಂದರು. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಆದಾಯದವರು ಹೊರಗುಳಿದರು.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಬಾಗಿಲು ತೆರೆಯಿತು. 1860ರಲ್ಲಿ ತೆರಿಗೆಗೆ ಒಳಪಟ್ಟಿದ್ದ ಕೃಷಿ ಆದಾಯವನ್ನು 1886ರಲ್ಲಿ ಪೂರ್ಣವಾಗಿ ಹೊರಗಿಡಲಾಯಿತು. ಭೂಮಿಯು ಈಗಾಗಲೇ ಕಂದಾಯವನ್ನೂ ಬರನಿಧಿಯ ಉಪಕರಗಳನ್ನೂ ತೆರುತ್ತಿದೆ ಎಂಬುದು ಕೊಟ್ಟ ಕಾರಣ. ರೈತವಾರಿ ಪದ್ಧತಿಯ ಬಡ ಒಕ್ಕಲಿಗನ ಮಟ್ಟಿಗೆ ಈ ಕಾರಣ ಸತ್ಯವೇ ಆಗಿತ್ತು. ಆದರೆ ಬಂಗಾಳ, ಬಿಹಾರಗಳ ಜಮೀನ್ದಾರರ ಸ್ಥಿತಿ ಬೇರೆ. 1793ರ ಖಾಯಂ ಜಮಾಬಂದಿಯ ಪ್ರಕಾರ ಅಂದಿನ ಗೇಣಿಯ ಹನ್ನೊಂದು ಪಾಲುಗಳಲ್ಲಿ ಹತ್ತನ್ನು ಸರ್ಕಾರಕ್ಕೆ ಕೊಟ್ಟು ಒಂದನ್ನು ಅವರು ಉಳಿಸಿಕೊಳ್ಳಬೇಕಿತ್ತು. ಸರ್ಕಾರದ ಪಾಲು ಹಣದ ಲೆಕ್ಕದಲ್ಲಿ ಶಾಶ್ವತವಾಗಿ ನಿಂತುಹೋಯಿತು. ಗೇಣಿ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಬೆಳೆಯಿತು. ಹೀಗೆ ಬೆಳೆದ ಲಾಭಕ್ಕೆ ಕಂದಾಯವೂ ಇಲ್ಲ, ಆದಾಯ ತೆರಿಗೆಯೂ ಇಲ್ಲ. ಬಡ ರೈತನನ್ನು ತೋರಿಸಿ ಪಡೆದ ವಿನಾಯಿತಿಯ ಫಲವನ್ನು ಸಿರಿವಂತ ಜಮೀನ್ದಾರನು ಉಂಡನು. ಇದು ಮುಂದೆಯೂ ಮರುಕಳಿಸಿದ ರೀತಿಯಾದುದರಿಂದ ಇದನ್ನು ನೆನಪಿನಲ್ಲಿಡಬೇಕು.

ಆದಾಯ ತೆರಿಗೆ ಬಂದ ಎರಡು ವರ್ಷಗಳಲ್ಲಿ, 1888ರಲ್ಲಿ, ಉಪ್ಪಿನ ಸುಂಕವನ್ನು ಮಣಕ್ಕೆ 2 ರೂಪಾಯಿಯಿಂದ ಎರಡೂವರೆ ರೂಪಾಯಿಗೆ ಏರಿಸಲಾಯಿತು. ಆದಾಯ ತೆರಿಗೆಯ ಮಿತಿಯನ್ನು 500ರಿಂದ 1,000 ರೂಪಾಯಿಗೆ ಏರಿಸಬೇಕೆಂದು ಹೊಸದಾಗಿ ಹುಟ್ಟಿದ ಕಾಂಗ್ರೆಸ್ ಮತ್ತೆ ಮತ್ತೆ ಕೇಳಿತು. ಉಪ್ಪಿನ ಸುಂಕವನ್ನು ಇಳಿಸಬೇಕೆಂದೂ ಕೇಳಿತು. 1903ರಲ್ಲಿ ಎರಡೂ ಆದವು. ಓದು ಬಲ್ಲ ಮಧ್ಯಮ ವರ್ಗದ ದನಿ ಎದ್ದಾಗ ಅದರೊಡನೆ ಬಡವನ ದನಿಯೂ ಅಷ್ಟಿಷ್ಟು ಕೇಳಿಸಿತು ಎಂಬುದು ಈ ಇತಿಹಾಸದ ಒಂದು ಸಮಾಧಾನದ ಸಂಗತಿ.

ಸಭೆಯಲ್ಲಿ ಕುಳಿತವರು

1909ರ ಸುಧಾರಣೆಗಳಲ್ಲಿ ಶಾಸನಸಭೆಗಳಿಗೆ ಚುನಾವಣೆ ಬಂದಾಗ ಭೂಮಾಲೀಕರಿಗೆಂದೇ ಪ್ರತ್ಯೇಕ ಕ್ಷೇತ್ರಗಳನ್ನು ಕೊಡಲಾಯಿತು. ಗೇಣಿದಾರನಿಗೆ ಅಂಥ ಕ್ಷೇತ್ರವಿರಲಿಲ್ಲ. ಇದರ ಪರಿಣಾಮವು 1918ರಲ್ಲಿ ಪ್ರಕಟವಾಯಿತು. ಮೊದಲ ಮಹಾಯುದ್ಧದ ವೆಚ್ಚಕ್ಕಾಗಿ 1916ರಿಂದ ಆದಾಯ ಹೆಚ್ಚಿದಂತೆ ದರವೂ ಹೆಚ್ಚುವ ಪದ್ಧತಿ ಬಂದಿತ್ತು. 1918ರ ಮಸೂದೆಯಲ್ಲಿ ಸರ್ಕಾರವು ಒಂದು ಮಿತವಾದ ಸಲಹೆಯನ್ನಿಟ್ಟಿತು: ಕೃಷಿ ಆದಾಯಕ್ಕೆ ತೆರಿಗೆ ಬೇಡ, ಆದರೆ ಒಬ್ಬನ ಇತರ ಆದಾಯಕ್ಕೆ ಎಷ್ಟು ದರ ಎಂದು ನಿರ್ಧರಿಸುವಾಗ ಅವನ ಕೃಷಿ ಆದಾಯವನ್ನೂ ಎಣಿಕೆಗೆ ತೆಗೆದುಕೊಳ್ಳೋಣ. ಸಭೆಯಲ್ಲಿ ತೀವ್ರ ವಿರೋಧ ಬಂದು ಆ ಅಂಶವನ್ನು ಕೈಬಿಡಬೇಕಾಯಿತು. ಅದೇ ಸಲಹೆಯು ಮತ್ತೆ ಶಾಸನವಾದುದು 1973ರಲ್ಲಿ. ಸಭೆಯಲ್ಲಿ ಕುಳಿತ ಕೆಲವರ ಮಾತಿನ ಬೆಲೆ ಐವತ್ತೈದು ವರ್ಷಗಳು!

1924-25ರಲ್ಲಿ ಸರ್ ಚಾರ್ಲ್ಸ್ ಟಾಡ್‌ಹಂಟರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ತೆರಿಗೆ ವಿಚಾರಣಾ ಸಮಿತಿಯು ಕೃಷಿ ಆದಾಯದ ವಿನಾಯಿತಿಗೆ ಇತಿಹಾಸದ ಆಧಾರವಾಗಲಿ ತತ್ತ್ವದ ಆಧಾರವಾಗಲಿ ಇಲ್ಲವೆಂದು ಅಭಿಪ್ರಾಯಪಟ್ಟಿತು. ಮುಂದೆ ಮೈಸೂರು ಮಹಾರಾಜರ ಖಾಸಗಿ ಕಾರ್ಯದರ್ಶಿಯಾದವರು ಇದೇ ಟಾಡ್‌ಹಂಟರ್. ಸಮಿತಿಯ ಮಾತು ಕಾಗದದಲ್ಲಿಯೇ ಉಳಿಯಿತು.

ಈ ಪ್ರಶ್ನೆಯನ್ನು ಕೆಳಗಿನಿಂದ ನೋಡಿದವರು ಡಾ. ಬಿ. ಆರ್. ಅಂಬೇಡ್ಕರ್. 1927ರ ಫೆಬ್ರವರಿಯಲ್ಲಿ ಮುಂಬಯಿ ಶಾಸನಸಭೆಯಲ್ಲಿ ಆಯವ್ಯಯದ ಮೇಲೆ ಮಾತನಾಡುತ್ತ ಅವರು ಭೂಕಂದಾಯವನ್ನೂ ಆದಾಯ ತೆರಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ತೂಗಿದರು. ಆಗ ವರ್ಷಕ್ಕೆ 2,000 ರೂಪಾಯಿಯವರೆಗಿನ ಆದಾಯಕ್ಕೆ ತೆರಿಗೆಯಿರಲಿಲ್ಲ. ಆದರೆ ಒಂದೆಕರೆಯ ರೈತನೂ ದೊಡ್ಡ ಜಹಗೀರುದಾರನೂ ಕಂದಾಯವನ್ನು ಒಂದೇ ದರದಲ್ಲಿ ತೆರಬೇಕಿತ್ತು. ಅವನಿಗೆ ಬದುಕಲು ಎಷ್ಟು ಉಳಿಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಂದರೆ ಅಂಬೇಡ್ಕರರು ಅಂದು ಮಾತನಾಡಿದ್ದು ನಮ್ಮ ಅಜ್ಜ-ಮುತ್ತಜ್ಜರ ಹೊಲಗಳ ಬಗೆಗೂ ಹೌದು. ಕೆಲವೇ ವರ್ಷಗಳಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವೂ, ಸಿದ್ದಾಪುರ ಮತ್ತು ಅಂಕೋಲ ತಾಲ್ಲೂಕುಗಳಲ್ಲಿ ಕರನಿರಾಕರಣೆಯೂ ನಡೆದು ರೈತರು ಮನೆ-ಹೊಲಗಳ ಜಪ್ತಿಯನ್ನು ಎದುರಿಸಿದರು. ಸಭೆಯಲ್ಲಿ ಸ್ಥಾನವಿಲ್ಲದವನ ಮನವಿಯು ಕೊನೆಗೆ ಬೀದಿಯಲ್ಲಿ ಸಲ್ಲಿಕೆಯಾಗುತ್ತದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ

1947ರ ಫೆಬ್ರವರಿ 28ರಂದು ಮಧ್ಯಂತರ ಸರ್ಕಾರದ ಹಣಕಾಸು ಸದಸ್ಯ ಲಿಯಾಕತ್ ಅಲಿ ಖಾನ್ ಮಂಡಿಸಿದ ಆಯವ್ಯಯವು ‘ಬಡವರ ಬಜೆಟ್’ ಎಂದು ಹೆಸರಾಯಿತು. ಉಪ್ಪಿನ ಸುಂಕ ರದ್ದಾಯಿತು. ಒಂದು ಲಕ್ಷ ರೂಪಾಯಿ ಮೀರಿದ ವ್ಯಾಪಾರ ಲಾಭಕ್ಕೆ ಶೇ. 25ರ ವಿಶೇಷ ತೆರಿಗೆಯನ್ನು ಸೂಚಿಸಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಚ್ಚಿಟ್ಟ ಲಾಭಗಳನ್ನು ಹುಡುಕಲು ತನಿಖಾ ಆಯೋಗವೊಂದನ್ನು ಘೋಷಿಸಲಾಯಿತು. ಉದ್ಯಮಪತಿಗಳಲ್ಲಿ ಕೋಲಾಹಲವೆದ್ದಿತು. ಇದು ತಮ್ಮ ಮೇಲಿನ ರಾಜಕೀಯ ಸೇಡು ಎಂದು ಅವರು ದೂರಿದರು. ದೇಶ ಒಡೆಯುತ್ತಿದ್ದ ಆ ಕಹಿಕಾಲದಲ್ಲಿ ಅಂಥ ಸಂದೇಹವು ಅಸಹಜವೂ ಆಗಿರಲಿಲ್ಲ. ಆದರೆ ಫಲಿತಾಂಶವನ್ನು ನೋಡಬೇಕು: ಶೇ. 25 ಇದ್ದುದು ಹದಿನಾರು ಮತ್ತು ಎರಡು ಮೂರಾಂಶಕ್ಕೆ ಇಳಿಯಿತು.

ತನಿಖಾ ಆಯೋಗವು ನ್ಯಾಯಮೂರ್ತಿ ವರದಾಚಾರಿಯರ್ ಅವರ ನೇತೃತ್ವದಲ್ಲಿ ಕೆಲಸ ಆರಂಭಿಸಿತು. ಅದಕ್ಕೆ ಒಪ್ಪಿಸಿದ್ದ ಕೆಲವು ಪ್ರಕರಣಗಳನ್ನು ಹಿಂತೆಗೆದುಕೊಂಡ ವಿವಾದದಲ್ಲಿ ಸ್ವತಂತ್ರ ಭಾರತದ ಮೊದಲ ಹಣಕಾಸು ಮಂತ್ರಿ ಆರ್. ಕೆ. ಷಣ್ಮುಖಂ ಚೆಟ್ಟಿಯವರು 1948ರಲ್ಲಿ ರಾಜೀನಾಮೆ ಕೊಟ್ಟರು. ಮುಂದೆ 1954 ಮತ್ತು 1955ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಯೋಗದ ಕಾಯ್ದೆಯ ಮುಖ್ಯ ಅಂಶಗಳು ಸಂವಿಧಾನದ 14ನೆಯ ವಿಧಿಗೆ, ಎಂದರೆ ಸಮಾನತೆಯ ತತ್ತ್ವಕ್ಕೆ, ವಿರುದ್ಧವೆಂದು ತೀರ್ಮಾನಿಸಿತು. ಕೆಲವರನ್ನು ಮಾತ್ರ ಆರಿಸಿ ಕಠಿಣ ವಿಧಾನಕ್ಕೆ ಗುರಿಪಡಿಸಲಾಗದು ಎಂಬ ಆ ತೀರ್ಪು ಕಾನೂನಿನ ದೃಷ್ಟಿಯಿಂದ ಸರಿಯೇ. ಆದರೂ ಸಮಾನತೆಯ ವಿಧಿಯು ಆರಂಭದ ವರ್ಷಗಳಲ್ಲಿಯೇ ಯುದ್ಧಲಾಭದ ತನಿಖೆಗೆ ಅಡ್ಡಗೋಡೆಯಾದುದು ಯೋಚಿಸತಕ್ಕ ಸಂಗತಿ. ನ್ಯಾಯಾಲಯದ ಮೆಟ್ಟಿಲನ್ನು ಏರುವ ಶಕ್ತಿಯೂ ಒಂದು ಬಗೆಯ ಸಂಪತ್ತು.

ಎತ್ತರದ ದರ, ಅಗಲದ ಕಂಡಿ

ಸಂವಿಧಾನವು ಕೃಷಿ ಆದಾಯದ ತೆರಿಗೆಯನ್ನು ರಾಜ್ಯಗಳಿಗೆ ಬಿಟ್ಟಿತು. ನಮ್ಮ ರಾಜ್ಯದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯ್ದೆಯು ಕಾಫಿಯೇ ಮೊದಲಾದ ತೋಟದ ಬೆಳೆಗಳ ಆದಾಯಕ್ಕೆ ತೆರಿಗೆ ವಿಧಿಸಿತು. ಬಹುಪಾಲು ರಾಜ್ಯಗಳು ಆ ಗೋಜಿಗೆ ಹೋಗಲಿಲ್ಲ. ಇತ್ತ ಕೇಂದ್ರವು ದರವನ್ನು ಏರಿಸುತ್ತ ಹೋಯಿತು. 1956ರಲ್ಲಿ ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರು ಸಂಪತ್ತು, ವೆಚ್ಚ, ದಾನ, ಬಂಡವಾಳ ಲಾಭ ಎಲ್ಲಕ್ಕೂ ತೆರಿಗೆ ಹಾಕಿ, ಆದಾಯದ ಮೇಲಿನ ಗರಿಷ್ಠ ದರವನ್ನು ಶೇ. 45ಕ್ಕೆ ಇಳಿಸಿರೆಂದು ಸಲಹೆಯಿತ್ತರು. ಬಲೆಯ ಕಣ್ಣು ಚಿಕ್ಕದಾಗಿರಲಿ, ಎಳೆತ ಹಗುರವಾಗಿರಲಿ ಎಂಬುದು ಅದರ ಸಾರ. ಸರ್ಕಾರವು ಹೊಸ ತೆರಿಗೆಗಳನ್ನು ಹಲವು ವಿನಾಯಿತಿಗಳೊಡನೆ ತಂದಿತು, ಗರಿಷ್ಠ ದರವನ್ನು ಮಾತ್ರ ಎತ್ತರದಲ್ಲಿಯೇ ಇಟ್ಟಿತು. 1970ರ ದಶಕದ ಆರಂಭದಲ್ಲಿ 2 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಮೇಲ್ತೆರಿಗೆ ಸೇರಿ ಶೇ. 97.75 ದರವಿತ್ತು! ಕಾಗದದ ಮೇಲೆ ಇದಕ್ಕಿಂತ ಸಮತಾವಾದವಿಲ್ಲ. ಇಂಥ ದರಗಳೇ ಕಪ್ಪುಹಣಕ್ಕೆ ದೊಡ್ಡ ಕಾರಣವೆಂದು 1971ರಲ್ಲಿ ವಾಂಛೂ ಸಮಿತಿ ಹೇಳಿತು. ಜನರಿಗೆ ತೋರಿಸಲು ಎತ್ತರದ ದರ, ಬಲ್ಲವರಿಗೆ ಹಿಂಬಾಗಿಲು: ಇದು ನ್ಯಾಯದ ವೇಷ.

ಆ ಹಿಂಬಾಗಿಲುಗಳಲ್ಲಿ ಕೃಷಿ ಆದಾಯವೂ ಒಂದು. ಬೇರೆಡೆ ಗಳಿಸಿದ ಹಣವನ್ನು ಹೊಲದಲ್ಲಿ ಬೆಳೆದುದೆಂದು ತೋರಿಸಿದರೆ ಅದು ತೆರಿಗೆಯ ಕೈಗೆ ಸಿಗದು. ಕೆ. ಎನ್. ರಾಜ್ ಸಮಿತಿಯು 1972ರಲ್ಲಿ ಹಿಡುವಳಿಯ ಗಾತ್ರಕ್ಕೆ ಅನುಗುಣವಾದ ತೆರಿಗೆಯನ್ನು ಸೂಚಿಸಿತು, ರಾಜ್ಯಗಳು ಒಪ್ಪಲಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಕೃಷಿ ಆದಾಯಕ್ಕೆ ನಾಳೆಯೇ ತೆರಿಗೆ ಬಂದರೂ ಇಷ್ಟು ಸಣ್ಣ ರೈತರ ಬೇಸಾಯದ ಆದಾಯವು ತೆರಿಗೆಯ ಮಿತಿಯನ್ನು ಮುಟ್ಟುವುದು ಅಪರೂಪ. ಆದರೂ ಆ ಪ್ರಸ್ತಾಪ ಬಂದಾಗಲೆಲ್ಲ ಮುಂದೆ ನಿಲ್ಲಿಸುವುದು ಇವರನ್ನೇ. 1886ರ ವಿನಾಯಿತಿಯು 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಮುಂದುವರಿದಿದೆ.

ಇನ್ನೊಂದೆಡೆ, 1953ರಲ್ಲಿ ಬಂದ ಎಸ್ಟೇಟ್ ಸುಂಕವು 1985ರಲ್ಲಿಯೂ, 1957ರಲ್ಲಿ ಬಂದ ಸಂಪತ್ತಿನ ತೆರಿಗೆಯು 2015ರಲ್ಲಿಯೂ ರದ್ದಾದವು. ವಸೂಲಿ ಕಡಿಮೆ, ಖರ್ಚು ಹೆಚ್ಚು ಎಂಬುದು ಕಾರಣ. ವಸೂಲಿ ಕಡಿಮೆಯಾದುದರಲ್ಲಿ ಕಾಯ್ದೆಯೊಳಗಿನ ಕಂಡಿಗಳ ಪಾಲೆಷ್ಟು ಎಂಬ ಪ್ರಶ್ನೆಯು ಕಾಯ್ದೆಯೊಡನೆಯೇ ಸಮಾಧಿಯಾಯಿತು.

ಕೊಟ್ಟವರು ಯಾರು ಎಂಬ ಪ್ರಶ್ನೆ

ಹಣವು ಶಾಸನವನ್ನು ಮುಟ್ಟುವ ದಾರಿಗಳಲ್ಲಿ ಪಕ್ಷಗಳ ದೇಣಿಗೆ ಮುಖ್ಯವಾದುದು. 1957ರಲ್ಲಿ ಟಾಟಾ ಉಕ್ಕಿನ ಕಂಪನಿಯು ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡಲು ಅನುಮತಿ ಕೋರಿದಾಗ, ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರು ಕಾನೂನಿನಂತೆ ಅನುಮತಿಯನ್ನು ಕೊಟ್ಟರು. ಜೊತೆಗೆ ಈ ರೂಢಿಯು ಬೆಳೆದರೆ ಪ್ರಜಾಪ್ರಭುತ್ವಕ್ಕೇ ಅಪಾಯವೆಂದು ಸಂಸತ್ತನ್ನು ಎಚ್ಚರಿಸಿದರು. 1969ರಲ್ಲಿ ಕಂಪನಿ ದೇಣಿಗೆಗಳನ್ನು ನಿಷೇಧಿಸಲಾಯಿತು, 1985ರಲ್ಲಿ ನಿಷೇಧ ತೆರವಾಯಿತು. 2003ರಲ್ಲಿ ದೇಣಿಗೆಯ ಮೊತ್ತಕ್ಕೆ ಆದಾಯ ತೆರಿಗೆಯಲ್ಲಿಯೇ ಕಡಿತ ದೊರೆಯಿತು. 2017ರ ಹಣಕಾಸು ಕಾಯ್ದೆಯು ಕಂಪನಿ ದೇಣಿಗೆಯ ಮಿತಿಯನ್ನು ತೆಗೆದುಹಾಕಿ, ಕೊಟ್ಟವರ ಹೆಸರು ಸಾರ್ವಜನಿಕರಿಗೆ ತಿಳಿಯದಂತೆ ಚುನಾವಣಾ ಬಾಂಡುಗಳಿಗೆ ದಾರಿ ಮಾಡಿತು. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಆ ಯೋಜನೆಯನ್ನು ರದ್ದುಗೊಳಿಸಿತು. ಮಿತಿಯಿಲ್ಲದ ದೇಣಿಗೆಯನ್ನೂ ಅಸಿಂಧುವೆಂದಿತು. ಮುಂದಿನ ತಿಂಗಳು ಕೊಂಡವರ ಮತ್ತು ಪಡೆದವರ ಪಟ್ಟಿಗಳು ಪ್ರಕಟವಾದವು.

ಇಲ್ಲಿ ಕಲ್ಯಾಣದ ಭಂಡಾರವು ನೆನಪಾಗುವುದು ಸಹಜ. ಬಿಜ್ಜಳನ ಬೊಕ್ಕಸವನ್ನು ಬಸವಣ್ಣನವರು ಜಂಗಮರಿಗಾಗಿ ಬರಿದುಮಾಡಿದರೆಂದು ಕೊಂಡೆಯರು ದೂರಿದಾಗ, ಅವರು ಲೆಕ್ಕವನ್ನು ಸಭೆಯ ಮುಂದೆ ತೆರೆದಿಟ್ಟರೆಂದೂ ಒಂದು ಹಣವೂ ಕಡಿಮೆಯಿರಲಿಲ್ಲವೆಂದೂ ಬಸವಪುರಾಣಗಳ ಪರಂಪರೆ ಹೇಳುತ್ತದೆ. ಆ ಕಥೆಯಲ್ಲಿರುವ ಪವಾಡದ ಅಂಶವನ್ನು ಒತ್ತಟ್ಟಿಗಿಟ್ಟರೂ ಅದರ ನೀತಿ ನಿಲ್ಲುತ್ತದೆ: ಭಂಡಾರವನ್ನು ಕಾಯುವವನು ಲೆಕ್ಕವನ್ನು ತೆರೆದು ತೋರಿಸಬೇಕು. ದೂರಿದವರು ದ್ವೇಷದಿಂದಲೇ ದೂರಿರಲಿ, ಲೆಕ್ಕ ಕೇಳುವ ಹಕ್ಕು ಅವರಿಗಿತ್ತು.

ಇಂದು ಉಪ್ಪಿಗೆ ತೆರಿಗೆಯಿಲ್ಲ. ಆದರೆ ಕೂಲಿಯವನು ಕೊಳ್ಳುವ ಸಾಬೂನಿನಲ್ಲಿ, ಚಪ್ಪಲಿಯಲ್ಲಿ ತೆರಿಗೆ ಅಡಗಿದೆ. ಸಿರಿವಂತನೂ ಅದೇ ದರವನ್ನು ತೆರುತ್ತಾನೆ. ಆದುದರಿಂದ ಆದಾಯ ತೆರಿಗೆ ಕೊಡುವವರು ಮಾತ್ರ ದೇಶವನ್ನು ಸಾಕುತ್ತಿದ್ದಾರೆ ಎಂಬ ಮಾತು ಸತ್ಯಕ್ಕೆ ದೂರ. ಭಂಡಾರಕ್ಕೆ ಎಲ್ಲರೂ ಸಲ್ಲಿಸುತ್ತಿದ್ದಾರೆ. ಲೆಕ್ಕ ಕೇಳುವ ಅಧಿಕಾರವೂ ಎಲ್ಲರದು.

ಪ್ರತಿವರ್ಷ ಆಯವ್ಯಯ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ದರಗಳ ಪಟ್ಟಿ ಬರುತ್ತದೆ. ನಮಗೆಷ್ಟು ಉಳಿಯಿತು ಎಂದು ಅದನ್ನು ನೋಡುವುದು ತಪ್ಪಲ್ಲ. ಆಯವ್ಯಯದ ಕಾಗದಗಳೊಡನೆ ಇನ್ನೊಂದು ಪಟ್ಟಿಯೂ ಸಂಸತ್ತಿಗೆ ಸಲ್ಲುತ್ತದೆ: ರಿಯಾಯಿತಿ, ಕಡಿತಗಳಿಂದಾಗಿ ಬೊಕ್ಕಸಕ್ಕೆ ಬಾರದೆ ಹೋದ ಹಣದ ಪಟ್ಟಿ. 2006ರಿಂದ ಕೇಂದ್ರ ಸರ್ಕಾರವು ಅದನ್ನು ಪ್ರಕಟಿಸುತ್ತ ಬಂದಿದೆ. ಅದನ್ನು ಓದುವವರು ವಿರಳ. ಶಾಸನಗಳ ಕಾಲದಲ್ಲಿ ಮಾನ್ಯವನ್ನು ಕಲ್ಲಿನಲ್ಲಿ ಕಂಡರಿಸಿ ಊರಿನ ನಡುವೆ ನಿಲ್ಲಿಸುತ್ತಿದ್ದರು; ಯಾರಿಗೆ ಏನನ್ನು ಬಿಟ್ಟುಕೊಡಲಾಗಿದೆ ಎಂಬುದು ಊರಿಗೇ ಗೊತ್ತಿರುತ್ತಿತ್ತು. ನಮ್ಮ ಕಾಲದ ಮಾನ್ಯಶಾಸನವು ಆ ಪಟ್ಟಿಯಲ್ಲಿದೆ. ಬಲ್ಲವರು ಅದನ್ನು ಓದಿ, ಓದಲಾರದವರಿಗೆ ಹೇಳಬೇಕು.